ಉಪ್ಪುಂದದಲ್ಲೊಂದು ಡಚ್ ಸ್ತೂಪ

ಅಮೆರಿಕವನ್ನು ಕೊಲಂಬಸ್ ಕಂಡುಹಿಡಿದ ಎಂದು ನೀವು ಶಾಲೆಯಲ್ಲಿ ಓದಿದ್ದರೆ, ಅದನ್ನು ದಯವಿಟ್ಟು ಶಾಲೆಯಲ್ಲೇ ಬಿಟ್ಟುಬನ್ನಿ. ಉಪ್ಪುಂದದ ನನ್ನ ಸೋದರಮಾವನ ಎದುರು ಮಾತ್ರ ಹೇಳಬೇಡಿ. ಅವರ ಪ್ರಕಾರ ಅಮೆರಿಕವನ್ನು ಯಾರು ಬೇಕಾದರೂ ಕಂಡುಹಿಡಿದಿರಲಿ, ಅದಕ್ಕೆ ಒಗ್ಗರಣೆ ಹಾಕಿದವರು ಡಚ್ಚರು!

ಮಾವ ಇತಿಹಾಸದ ಮೇಷ್ಟರೇನಲ್ಲ. ಮುಂಬೈಯ ಕ್ಯಾಂಟೀನಿನಿಂದ ಸರಕು ಹಡಗಿನ ಅಡುಗೆಮನೆಗೆ ಬಡ್ತಿ ಪಡೆದವರು. ಅಲ್ಲಿ ದೊಡ್ಡ ಅಡುಗೆಯವ ಒಬ್ಬ ಡಚ್ಚ. ನ್ಯೂಯಾರ್ಕ್ ಮೊದಲು ನಮ್ಮದೇ ಆಗಿತ್ತು, ಇಂಗ್ಲಿಷರು ಬಂದು ಕಿತ್ತುಕೊಂಡರು, ಊರು ಹೋದರೂ ನಮ್ಮ ಮಾತು ಅಲ್ಲೇ ಉಳಿಯಿತು ಎಂದು ಅವನು ಈರುಳ್ಳಿ ಹೆಚ್ಚುತ್ತಾ ಹೇಳಿದನಂತೆ. ಕಣ್ಣೀರು ಈರುಳ್ಳಿಯದೋ ಊರಿನದೋ ದೇವರೇ ಬಲ್ಲ. ಮಾವನಂತೂ ತನ್ನ ಗದ್ದೆಯೇ ಹೋದಷ್ಟು ಮರುಗಿದರು.

ಡಚ್ಚರು ಒಂದು ಕಾಲದಲ್ಲಿ ಕುಂದಾಪುರದ ಪಕ್ಕದ ನಮ್ಮ ಬಸ್ರೂರಿಗೂ ಅಕ್ಕಿ, ಕಾಳುಮೆಣಸಿಗಾಗಿ ಬಂದಿದ್ದರು. ಮಾವನಿಗೆ ಇಷ್ಟು ಸಾಲದೇ? ನ್ಯೂಯಾರ್ಕೂ ಕುಂದಾಪುರವೂ ಅಣ್ಣತಮ್ಮಂದಿರು ಎಂದು ತೀರ್ಪು ಕೊಟ್ಟುಬಿಟ್ಟರು! ಡಚ್ಚರು ನ್ಯೂಯಾರ್ಕಿಗೆ ಹೋದದ್ದು ಮೊದಲು, ಬಸ್ರೂರಿಗೆ ಬಂದದ್ದು ಆಮೇಲೆ ಎಂದು ನಾನು ತಕರಾರು ತೆಗೆದೆ.

"ಆಯ್ಲಿ. ಅಣ್ಣ ಮೊದ್ಲ್ ಹುಟ್ಟಿದ, ತಮ್ಮ ಮತ್ತೆ ಹುಟ್ಟಿದ. ಸಂಬಂಧ ತಪ್ಪತ್ತಾ?" ಎಂದರು. ಇದಕ್ಕೆ ಉತ್ತರ ಗೊತ್ತಿದ್ದವರು ನನಗೆ ತಿಳಿಸಬೇಕು.

ಒಮ್ಮೆ ಬೈಂದೂರಿನಲ್ಲಿ ಬಸ್ಸು ಹತ್ತಿದಾಗ ಕಂಡಕ್ಟರ್ ಅವರನ್ನು 'ಬಾಸ್' ಎಂದು ಕರೆದ. ಮುಗಿಯಿತು! ಅದು ಡಚ್ ಮಾತು, ಅಮೆರಿಕದ ಕೆಲಸದವರು ಯಜಮಾನರನ್ನು 'ಮಾಸ್ಟರ್' ಎನ್ನಲು ಮನಸ್ಸಿಲ್ಲದೆ ಇದನ್ನು ಹಿಡಿದುಕೊಂಡರು ಎಂದು ಬಾಗಿಲಲ್ಲೇ ಪಾಠ ಶುರು. ಹಿಂದೆ ಜನ ನೇತಾಡುತ್ತಿದ್ದಾರೆ. ಕಂಡಕ್ಟರ್ ಪೂರ್ತಿ ಕೇಳಿಸಿಕೊಂಡು, "ಡಚ್ಚ್ ಆದ್ರೂ ಅಡ್ಡಿಲ್ಲೆ, ಒಳ್ಗ್ ಹೋಯ್ನಿ" ಅಂದ.

ಬ್ರಹ್ಮಾವರದ ಬೇಕರಿಯಲ್ಲಿ ಕುಕಿ ಕೊಂಡರೂ ಇದೇ ಕಥೆ, ಆ ಹೆಸರೂ ಡಚ್ಚರದ್ದಂತೆ. ಮೊಬೈಲಿನಲ್ಲಿ 'ಕುಕಿ ಒಪ್ಪುತ್ತೀರಾ' ಎಂದು ಬಂದರೆ ಮಾವ ಕಣ್ಣುಮುಚ್ಚಿ ಒಪ್ಪುತ್ತಾರೆ. ಅಷ್ಟು ಮರ್ಯಾದೆಯಿಂದ ಕೇಳುವಾಗ ಬೇಡ ಎನ್ನುವುದು ಹೇಗೆ!

ಈ ಮಾತಿನ ಮಳೆಗೆ ಕೊಡೆ ಹಿಡಿಯುತ್ತಿದ್ದವರು ಅತ್ತೆ ಒಬ್ಬರೇ. ಮಾವ ಡಚ್ಚರ ಬಗ್ಗೆ ಒಂದು ಹೇಳಿದರೆ ಅತ್ತೆ ಊರಿನ ಬಗ್ಗೆ ಹತ್ತು ಹೇಳುತ್ತಿದ್ದರು. ಕಳೆದ ಮಳೆಗಾಲದಲ್ಲಿ ಅವರು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಮೂಳೆ ಕೂಡಿದೆ, ವಾಕರ್ ಹಿಡಿದು ನಡೆಯಬಹುದು ಎಂದು ಡಾಕ್ಟರು ಹೇಳಿಯಾಯಿತು. ಅತ್ತೆ ಕೋಣೆಯಿಂದ ಹೊರಗೆ ಬರಲೇ ಇಲ್ಲ. ನಡೆದು ಹೋಗುವುದಾದರೂ ಎಲ್ಲಿಗೆ ಎಂದು ಗೋಡೆಗೆ ಮುಖ ಮಾಡಿ ಮಲಗಿದರು. ಮನೆಯಲ್ಲಿ ಮಾವನ ಮಾತು ಮಾತ್ರ ಕೇಳುವುದೆಂದರೆ ಎಂಥ ಸಂಕಟ ಎಂದು ನಮಗೆಲ್ಲ ಆಗ ತಿಳಿಯಿತು. ಒಳಗೊಳಗೇ ಹೆದರಿಕೆಯೂ ಆಯಿತು.

ಒಂದು ಬೆಳಿಗ್ಗೆ ಮಾವ ರಸ್ತೆಬದಿಯ ಕಾಂಪೌಂಡ್ ಒಡೆಸಲು ಹೊರಟರು. ನ್ಯೂಯಾರ್ಕಿನಲ್ಲಿ ಡಚ್ಚರು ಬಿಟ್ಟುಹೋದ 'ಸ್ಟೂಪ್' ಕಟ್ಟಿಸುತ್ತಾರಂತೆ! ಎಂದರೆ ಹೊಸ್ತಿಲ ಮಟ್ಟದಲ್ಲೇ ಕೂರಲು ಒಂದು ಕಟ್ಟೆ, ಅಲ್ಲಿಂದ ರಸ್ತೆಗೆ ಅಗಲವಾದ ಮೆಟ್ಟಿಲು. ಅಲ್ಲಿ ಕೂತವರಿಗೆ ದಾರಿಯಲ್ಲಿ ಹೋಗುವವರ ಹತ್ತಿರ ಮಾತಾಡದೆ ಬೇರೆ ಗತಿಯೇ ಇಲ್ಲವಂತೆ. ಇದು ನಮ್ಮ ಜಗಲಿಯೇ ಅಲ್ಲವಾ ಎಂದು ಅವರ ಮಗ, ನನ್ನ ಭಾವ, ರೇಗಿದ.

"ಜಗ್ಲಿ ಅಂದ್ರೆ ನೀ ಒಪ್ತಿದ್ಯಾ? ಅದ್ಕೇ ಸ್ಟೂಪ್ ಅಂದದ್ದ್" ಎಂದರು ಮಾವ.

ಮೇಸ್ತ್ರಿಯ ಕಿವಿಗೆ ಅದು 'ಸ್ತೂಪ' ಎಂದು ಬಿತ್ತು. ಸಂಜೆಯೊಳಗೆ ಸುದ್ದಿ ಪಕ್ಕದ ಊರು ಯಡ್ತರೆಯನ್ನೂ ದಾಟಿತು. ಮಾವ ಬೌದ್ಧರಾದರಂತೆ ಎಂದರು ಕೆಲವರು. ವಂಡ್ಸೆಯ ನೆಂಟರೊಬ್ಬರು ಬಸ್ಸು ಹಿಡಿದು ಬಂದು, ಗುಮ್ಮಟ ಕಾಣದೆ ಬೇಜಾರು ಮಾಡಿಕೊಂಡು, ಕಾಫಿ ಕುಡಿದು ಹೋದರು. ಅತ್ತೆ ಮಾತ್ರ ಗೋಡೆಯ ಕಡೆಯಿಂದ ತಿರುಗಲಿಲ್ಲ. ಕಟ್ಟೆಯ ಸಿಮೆಂಟು ಒಣಗಿತು, ಮಾವನ ಮುಖವೂ ಒಣಗಿತು.

ಹೀಗಿರುವಾಗ ನಮ್ಮ ಹಳೆಯ ಮೀನಿನ ಹೆಂಗಸು ಬಂದಳು. ಅತ್ತೆ ಮಲಗಿದ ಮೇಲೆ ಅವಳ ವ್ಯಾಪಾರವೂ ಈ ಮನೆಯಲ್ಲಿ ನಿಂತಿತ್ತು. ಸತ್ತವರ ಮೂಳೆ ಇಟ್ಟು ಅದರ ಮೇಲೆ ಸ್ತೂಪ ಕಟ್ಟುತ್ತಾರೆ ಎಂದು ಅವಳಿಗೆ ಯಾರೋ ಹೇಳಿದ್ದರು. ಬುಟ್ಟಿ ಇಳಿಸಿ, ಹೊಸ ಕಟ್ಟೆ ನೋಡಿದವಳೇ ಅಳುವ ಧ್ವನಿಯಲ್ಲಿ ಕೇಳಿದಳು: "ಹ್ವಾಯ್, ಇದ್ರ್ ಅಡಿಗ್ ಯಾರನ್ನ್ ಇಟ್ಟದ್ದ್? ಅಮ್ಮ ಹೋಯ್ರಾ?"

ಮಾವ ಡಚ್ಚರಿಂದ ಆರಂಭಿಸಲು ಬಾಯಿ ತೆರೆದರು. ಅಷ್ಟರಲ್ಲಿ ಒಳಗಿನಿಂದ ಧ್ವನಿ ಬಂತು.

"ನಾ ಎಲ್ಲಿಗೂ ಹೋಯ್ಲಿಲ್ಲೆ. ಬಂದೆ, ನಿಲ್ಲ್."

ಹಿಂದೆಯೇ ವಾಕರ್ ನೆಲಕ್ಕೆ ಕುಟ್ಟುವ ಸದ್ದು. ನಾನು ಹಿಡಿಯಲು ಹೋದರೆ ಅತ್ತೆ ಕೈ ಕೊಡವಿದರು. ಕಟ್ಟೆಯ ಮೇಲೆ ಕೂತು, ದಮ್ಮು ತೆಗೆದುಕೊಂಡು, ಬುಟ್ಟಿಯಲ್ಲಿ ಇಣುಕಿ, ಬಂಗುಡೆ ನಿನ್ನೆಯದು ಎಂದು ಮೊದಲು ಜಗಳ ತೆಗೆದರು. ಆಮೇಲೆ ಅವಳ ಮಗಳ ಬಾಣಂತನ ವಿಚಾರಿಸಿದರು. ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರನ್ನು ಕರೆದು ನಿಲ್ಲಿಸಿದರು. ಎಷ್ಟು ತಿಂಗಳ ಮಾತು ಬಾಕಿ ಇತ್ತೋ!

ಬಾಗಿಲಿಗೆ ಒರಗಿ ನಿಂತಿದ್ದ ಮಾವನನ್ನು ನಾನು ಮೆಲ್ಲಗೆ ತಿವಿದೆ. ಇಷ್ಟು ಜನ ಸೇರಿದ್ದಾರೆ, ಈಗಲಾದರೂ ಡಚ್ಚರ ಕಥೆ ಹೇಳಿ ಎಂದೆ. ಅವರ ಕಣ್ಣು ತುಂಬಿತ್ತು. ಕಿವಿಯನ್ನು ಕಟ್ಟೆಯ ಕಡೆಗೇ ಇಟ್ಟು, ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಸುಮ್ನಿರ್ ಮಾರಾಯ. ಅವ್ಳ್ ಮಾತಾಡ್ತಾ ಇದ್ಲ್. ಕೇಂಬ."