ಚಟ್ನಿ ರುಬ್ಬಿ ಆರಿಸಿದ ಚಿಪ್

ನಮ್ಮ ಭಾವ ನಮ್ಮ ಅಕ್ಕನನ್ನು ಒಂದೇ ಸಲ ನೋಡಿ, ಉಪ್ಪಿಟ್ಟಿನ ತಟ್ಟೆ ಕೆಳಗಿಡುವ ಮೊದಲೇ ಒಪ್ಪಿಕೊಂಡರು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ನಾವೇ ಇನ್ನೂ ನಂಬಿಲ್ಲ. ಏಕೆಂದರೆ ಆ ಮಹಾನುಭಾವರು ಅದಕ್ಕೆ ಮೊದಲಾಗಲಿ ಆಮೇಲಾಗಲಿ ಒಂದು ಪ್ಲಾಸ್ಟಿಕ್ ಬಕೆಟ್ಟನ್ನೂ ಮಲ್ಲೇಶ್ವರದ ಅಂಗಡಿಗಳನ್ನೆಲ್ಲ ಸುತ್ತದೆ ಕೊಂಡವರಲ್ಲ. ಒಮ್ಮೆ ಛತ್ರಿ ತರಲು ಹೊರಟವರು, ಇದರ ಕಡ್ಡಿ ಸರಿಯಿಲ್ಲ, ಅದರ ಹಿಡಿ ಸರಿಯಿಲ್ಲ ಎನ್ನುತ್ತಾ ಮಳೆಗಾಲ ಮುಗಿದ ಮೇಲೆ ಛತ್ರಿ ತಂದರು.

"ಮುಂದಿನ ಮಳೆಗಾಲಕ್ಕಾಯ್ತು ಬಿಡಿ" ಎಂದು ಅಕ್ಕ ಚುಚ್ಚಿದಳು.

"ಹೌದು ಕಣೇ, ಅಲ್ಲೀವರೆಗೂ ಬಾಳಿಕೆ ಬರೋದನ್ನೇ ನೋಡಿ ತಂದಿದೀನಿ" ಎಂದರು ಭಾವ, ಸಂತೋಷದಿಂದ.

ಇಂಥವರಿಗೆ ಕಂಪನಿಯಲ್ಲಿ ಸಿಕ್ಕ ಕೆಲಸವೇನು ಗೊತ್ತೆ? ಆಯ್ಕೆ ಮಾಡುವುದು! ಭಾವ ಎಲೆಕ್ಟ್ರಾನಿಕ್ಸ್ ಇಂಜಿನಿಯರು. ಕಾರ್ಖಾನೆಯ ಯಂತ್ರಗಳನ್ನು ಹತೋಟಿಯಲ್ಲಿಡುವ ಪ್ಯಾನೆಲ್ ತಯಾರಿಸುವ ಒಂದು ಸಣ್ಣ ಕಂಪನಿಯಲ್ಲಿದ್ದಾರೆ. ಹೋದ ವರ್ಷ ಮೈಸೂರು ರಸ್ತೆ ಕಡೆಯ ಒಂದು ಕಾರ್ಖಾನೆಯಿಂದ ಆರ್ಡರ್ ಬಂತು. ಅಲ್ಲಿ ನೂಲಿಗೆ ಬಣ್ಣ ಹಾಕುತ್ತಾರೆ. ಕುಕ್ಕರಿನಂತೆ ಬಿಗಿಯಾಗಿ ಮುಚ್ಚಿದ, ಆರಿದ ಮೇಲೆಯೇ ಮುಚ್ಚಳ ತೆಗೆಯಬೇಕಾದ ಎಂಟು ದೊಡ್ಡ ಬಾನಿಗಳು. ಒಂದೊಂದರ ಶಾಖವೂ ಒಂದೇ ಪರದೆಯ ಮೇಲೆ ಕಾಣಬೇಕು. ಅದಕ್ಕೊಂದು ಚಿಪ್ ಬೇಕು. ಅದನ್ನು ಆರಿಸಬೇಕಾದವರು ನಮ್ಮ ಭಾವ. ಆ ಕಾರ್ಖಾನೆಯವರ ಗ್ರಹಚಾರ ನೋಡಿ!

"ಭಾವ, ಅದೇನು ಮಾಡುತ್ತೆ ಅಂತ ನನಗೂ ತಿಳಿಯೋ ಹಾಗೆ ಹೇಳಿ" ಎಂದು ಕೇಳಿದ್ದೇ ತಪ್ಪಾಯಿತು. ಕಾಫಿ ಲೋಟ ಪಕ್ಕಕ್ಕಿಟ್ಟರು.

"ನೋಡಮ್ಮ, ಬಾನಿ ತಾನಾಗಿ 'ನಾನು ಇಷ್ಟು ಬಿಸಿ ಇದೀನಿ' ಅಂತ ಹೇಳಲ್ಲ. ತಂತೀಲಿ ಒಂಚೂರು ಕರೆಂಟು ಬರುತ್ತೆ, ಪಿಸುಮಾತಿನಷ್ಟು. ಅದನ್ನ ಒಂದೊಂದೇ ಬಾನಿಯಿಂದ ಸರದಿ ಪ್ರಕಾರ ಕೇಳಿಸ್ಕೊಂಡು ಅಂಕಿ ಮಾಡಿ ಕೊಡೋದು ಈ ಚಿಪ್. ಇದಕ್ಕೆ ಎಂಟು ಚಾನೆಲ್."

ಮೂಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ನಮ್ಮಮ್ಮ ತಲೆಯೆತ್ತಿದರು. "ಎಂಟೇನಾ ಅಳಿಯಂದ್ರೇ? ಸೀರಿಯಲ್ ಬರುತ್ತಾ ಅದ್ರಲ್ಲಿ?"

ಭಾವ ನಗಲಿಲ್ಲ. "ಬರಲ್ಲ ಅತ್ತೆ" ಎಂದು ವಿನಯವಾಗಿ ಹೇಳಿ ಮುಂದುವರಿಸಿದರು. "ಎಲ್ಲರೂ ಇಪ್ಪತ್ನಾಲ್ಕು ಬಿಟ್, ಇಪ್ಪತ್ನಾಲ್ಕು ಬಿಟ್ ಅಂತ ಕುಣೀತಾರೆ. ಅಂದ್ರೆ ಅಷ್ಟು ಸೂಕ್ಷ್ಮವಾಗಿ ಅಳೀತೀವಿ ಅಂತ. ಅದ್ರಲ್ಲಿ ಕೊನೇ ಬಿಟ್‌ಗಳು ಒಂದಷ್ಟು ಬರೀ ಗದ್ದಲ! ಗಂಡಿನ ಕಡೆಯವರು ಹೇಳೋ ಸಂಬಳದ ಹಾಗೆ. ನಾವೇ ಕಳೆದು ನೋಡ್ಕೋಬೇಕು."

ಕಳೆದು ನೋಡುತ್ತಾ ನೋಡುತ್ತಾ ತಿಂಗಳುಗಳೇ ಕಳೆದವು. ಕೊನೆಗೆ ಎರಡು ಚಿಪ್ ಉಳಿದವು. ಒಂದು ಮಹಾ ಚುರುಕು. ಇನ್ನೊಂದು ನಿಧಾನ, ಥೇಟ್ ಭಾವನ ಹಾಗೆ. ಯಾವುದೆಂದು ತೀರ್ಮಾನಿಸಲು ಒಂದು ಭಾನುವಾರ ಎರಡನ್ನೂ ಮನೆಗೇ ತಂದರು. ಇಡಬೇಕಾದ್ದು ಎಲ್ಲಿ? ಅಕ್ಕನ ಅಡುಗೆಮನೆಯಲ್ಲಿ!

ಕುದಿಯುವ ಹುಳಿಯೊಳಗೆ ಒಂದು ತಂತಿ. ಹಾಲಿಗೊಂದು, ಡಿಕಾಕ್ಷನ್ನಿಗೊಂದು, ಮೊಸರಿಗೊಂದು, ಫ್ರಿಜ್ಜಿನಿಂದ ತೆಗೆದ ಐಸ್ ನೀರಿಗೊಂದು, ಹೀಗೆ ಒಟ್ಟು ಎಂಟು ಪಾತ್ರೆಗೆ. ಆಸ್ಪತ್ರೆಯಲ್ಲಿ ರೋಗಿಗೂ ಅಷ್ಟು ತಂತಿ ಸಿಕ್ಕಿಸಿರುವುದಿಲ್ಲ. ಲ್ಯಾಪ್‌ಟಾಪಿನ ಪರದೆಯಲ್ಲಿ ಒಂದೊಂದು ಚಿಪ್ಪಿಗೂ ಎಂಟೆಂಟು ಗೆರೆಗಳು ಹರಿಯತೊಡಗಿದವು.

"ಈಗ ಮಿಕ್ಸಿ ಹಾಕು" ಎಂದರು ಭಾವ.

"ಯಾಕ್ರೀ?"

"ಕಾರ್ಖಾನೇಲಿ ಪಕ್ಕದಲ್ಲೇ ಮೋಟಾರು ತಿರುಗ್ತಿರುತ್ತೆ. ಅದರ ಗದ್ದಲದಲ್ಲೂ ಇದು ಸರಿಯಾಗಿ ಹೇಳುತ್ತಾ ನೋಡ್ಬೇಕು. ಚಟ್ನಿ ರುಬ್ಬು."

ಅಕ್ಕ ರುಬ್ಬಿದಳು. ಚುರುಕು ಚಿಪ್ಪಿನ ಗೆರೆಗಳೆಲ್ಲ ದೆವ್ವ ಮೆಟ್ಟಿದಂತೆ ಕುಣಿದವು. ಮೊಸರು ಕುದಿಯುತ್ತಿದೆ ಎಂದಿತು ಒಂದು ಗಳಿಗೆ! ಮಿಕ್ಸಿ ನಿಲ್ಲಿಸಿದರೂ ಅದರ ಬುದ್ಧಿ ಪೂರ್ತಿ ನೆಟ್ಟಗಾಗಲಿಲ್ಲ. ಅವಸರದಲ್ಲಿ ಹುಳಿಯಿಂದ ಐಸ್ ನೀರಿಗೆ ಹಾರುವಾಗ ಹುಳಿಯ ಬಿಸಿಯನ್ನು ನೀರಿಗೂ ಒಂದಿಷ್ಟು ಅಂಟಿಸುತ್ತಿತ್ತು. ನಿಧಾನದ ಚಿಪ್ ಮಾತ್ರ ಪ್ರತಿ ಪಾತ್ರೆಯ ಹತ್ತಿರವೂ ಒಂದು ಕ್ಷಣ ನಿಂತು, ನೋಡಿ, ಮುಂದೆ ಹೋಗುತ್ತಿತ್ತು.

"ಇನ್ನೊಂದ್ಸಲ ರುಬ್ಬು" ಎಂದರು ಭಾವ. ಆಮೇಲೆ ಇನ್ನೊಂದು ಸಲ. ಮನೆಯಲ್ಲಿದ್ದ ತೆಂಗಿನಕಾಯಿ ಖಾಲಿಯಾಯಿತು. ಆ ವಾರವೆಲ್ಲ ನಾವು ಇಡ್ಲಿಗೆ ಚಟ್ನಿ, ಚಪಾತಿಗೆ ಚಟ್ನಿ, ಅನ್ನಕ್ಕೂ ಚಟ್ನಿ ತಿಂದೆವು. ವಿಜ್ಞಾನಕ್ಕಾಗಿ ಹೊಟ್ಟೆ ಕೆಡಿಸಿಕೊಂಡವರ ಪಟ್ಟಿ ಯಾರಾದರೂ ಮಾಡಿದರೆ ನಮ್ಮನ್ನು ಮರೆಯಬಾರದು.

ಆದರೆ ಕಂಪನಿಯ ಮಾಲೀಕರು ಚಟ್ನಿ ತಿಂದಿರಲಿಲ್ಲವಲ್ಲ! ಫೋನು ಬಂತು. ಸ್ಪೀಕರ್ ಹಾಕದೆಯೇ ನಮಗೆಲ್ಲ ಕೇಳಿಸುವಷ್ಟು ಜೋರು.

"ಏನ್ ಸಾರ್ ನೀವು, ಸ್ಲೋ ಇರೋದನ್ನ ಹಾಕ್ತೀನಿ ಅಂತೀರಂತೆ? ಕಸ್ಟಮರಿಗೆ ಫಾಸ್ಟ್ ಅಂತ ಹೇಳಿದೀನಿ ನಾನು!"

"ಸಾರ್, ಬಾನಿ ಆರೋಕೆ ಅದರದೇ ಟೈಮ್ ಬೇಕು. ಅದನ್ನ ಸೆಕೆಂಡಿಗೆ ಸಾವಿರ ಸಲ ಇಣುಕಿ ನೋಡಿದ್ರೆ ಬೇಗ ಆರುತ್ತಾ?"

"ನಿಮಗಾಗಲ್ಲ ಅಂದ್ರೆ ಹೇಳಿ, ಬೇರೆಯವರ ಕೈಲಿ ಸಹಿ ಹಾಕಿಸ್ತೀನಿ. ನಿಮ್ಮ ಜಾಗಕ್ಕೂ ಬೇರೆಯವರನ್ನೇ ನೋಡ್ಬೇಕಾಗುತ್ತೆ."

ಅಕ್ಕ ಬಾಗಿಲಿನ ಚೌಕಟ್ಟು ಹಿಡಿದು ನಿಂತಳು. ಭಾವ ಮೆತ್ತಗೆ ಹೇಳಿದರು. "ನೋಡಿ ಸಾರ್, ನಿಮ್ಮಿಷ್ಟ. ನಾನು ಸಹಿ ಹಾಕೋದಾದ್ರೆ ಇದಕ್ಕೇ."

ಫೋನಿಟ್ಟ ಮೇಲೆ ಅಕ್ಕ ಅವರೊಡನೆ ಎರಡು ದಿನ ಮಾತಾಡಲಿಲ್ಲ. "ಒಂದು ಚಿಪ್ಪಿಗೋಸ್ಕರ ಕೆಲಸ ಕಳ್ಕೋತಾರಾ ಯಾರಾದ್ರೂ?" ಎಂದು ನನ್ನ ಹತ್ತಿರ ಬಂದು ಅತ್ತಳು. ನನಗೂ ಸಿಟ್ಟು ಬಂದಿತ್ತು. ಹಟಕ್ಕೂ ಒಂದು ಮಿತಿ ಬೇಡವೆ?

ಕೊನೆಗೆ ಮಾಲೀಕರೇ ಗೊಣಗುತ್ತಾ ಸೋತರು. ಪ್ಯಾನೆಲ್ ತಯಾರಾಯಿತು. ಶುಕ್ರವಾರ ಪೂಜೆಗೆ ಬನ್ನಿ ಎಂದು ಕಾರ್ಖಾನೆಯವರು ಕರೆದರು. ಅಕ್ಕನ ಜೊತೆ ನಾನೂ ಹೋದೆ. ಪ್ಯಾನೆಲ್ಲಿಗೆ ಕುಂಕುಮ ಇಟ್ಟು, ಹೂವು ಮುಡಿಸಿ, ಕಾಯಿ ಒಡೆದರು. ಬೆಳಿಗ್ಗೆಯೇ ಹಾಕಿದ್ದ ನೂಲಿಗೆ ಬಣ್ಣ ಹಿಡಿದಾಗಿತ್ತು. ಮೂರನೆಯ ಬಾನಿ ಆರಿದೆ, ತೆಗೆಯಬಹುದು ಎಂದು ಪರದೆ ಹೇಳಿತು. ಪಕ್ಕದ ನಾಲ್ಕನೆಯದು ಇನ್ನೂ ಕೆಂಡದಂತೆ ಕಾದಿತ್ತು.

ಮುಚ್ಚಳ ತೆಗೆಯಬೇಕಾದ ಹೆಂಗಸು ಮುಂದೆ ಬಂದವಳು ಅಲ್ಲೇ ನಿಂತುಬಿಟ್ಟಳು. ಬಲಗೈ ಸೆರಗಿನೊಳಗಿತ್ತು.

"ಹಳೇ ಪ್ಯಾನೆಲ್ಲೂ ಅವತ್ತು ಆರಿದೆ ಅಂತಾನೇ ತೋರಿಸ್ತಿತ್ತು ಸಾರ್" ಎಂದಳು, ಯಾರ ಮುಖವನ್ನೂ ನೋಡದೆ.

ಪೂಜೆಗೆ ಬಂದಿದ್ದ ಭಾವನ ಕಂಪನಿಯ ಮಾಲೀಕರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಭಾವ ಅಂಗಿಯ ತೋಳು ಮಡಚುತ್ತಾ ಮುಂದೆ ಬಂದಿದ್ದರು.

"ನೀವು ಆ ಕಡೆ ಬನ್ನಿ ಅಮ್ಮ. ಇವತ್ತು ನಾನು ತೆಗೀತೀನಿ."

ಅಕ್ಕ ನನ್ನ ತೋಳನ್ನು ಉಗುರು ನಾಟುವಷ್ಟು ಬಿಗಿಯಾಗಿ ಹಿಡಿದಳು. ಭಾವ ತಿರುಪುಗಳನ್ನು ಒಂದೊಂದಾಗಿ ಸಡಿಲಿಸಿ ಮುಚ್ಚಳ ಎತ್ತಿದರು. ತೆಳುವಾಗಿ ಹಬೆ ಬಂತು, ಸ್ನಾನದ ಮನೆಯಲ್ಲಿ ಬರುವಷ್ಟು. ಕನ್ನಡಕ ಮಂಜಾಯಿತು, ಅಷ್ಟೆ. ಆರಿದ ಬಾನಿಗಳನ್ನೆಲ್ಲ ಆ ದಿನ ಅವರೇ ತೆಗೆದರು. ಕೊನೆಯದರ ಹೊತ್ತಿಗೆ ಆ ಹೆಂಗಸು ತಾನಾಗಿಯೇ ಪಕ್ಕಕ್ಕೆ ಬಂದು, ಎಡಗೈಯಿಂದ ಮುಚ್ಚಳದ ಇನ್ನೊಂದು ತುದಿ ಹಿಡಿದಳು.

ಹಿಂತಿರುಗುವಾಗ ಆಟೊದಲ್ಲಿ ಅಕ್ಕ ಕೇಳಿದಳು. "ರೀ, ಆಯಮ್ಮ ನಿಮಗೆ ಮೊದಲೇ ಗೊತ್ತಿತ್ತಾ?"

"ಮೊದಲನೇ ಸಲ ಅಳತೆ ತಗೊಳ್ಳೋಕೆ ಹೋದಾಗ ಕಾಫಿ ಕೊಟ್ರು" ಎಂದರು ಭಾವ, ಹೊರಗೆ ನೋಡುತ್ತಾ. "ಎಡಗೈಲಿ ಕೊಡ್ತಿದೀನಿ, ತಪ್ಪು ತಿಳ್ಕೋಬೇಡಿ ಸಾರ್ ಅಂದ್ರು. ಹಬೆ ಹೊಡೆದಾಗಿನಿಂದ ಬಲಗೈ ಬೆರಳು ಮಡಚೋಕಾಗಲ್ವಂತೆ."

ಅಕ್ಕ ಅವರ ಕೈಯನ್ನು ತೆಗೆದುಕೊಂಡು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಶ್ರೀರಾಂಪುರ ದಾಟಿದರೂ ಬಿಡಲಿಲ್ಲ. ನಾನು ಈಚೆ ತಿರುಗಿ ರಸ್ತೆ ನೋಡುತ್ತಾ ಕುಳಿತೆ.