ಸೊಂಟದ ನೋವಿನ ಮಾತ್ರೆಯವರ ಸನ್ನಿಧಾನಕ್ಕೆ

ಮಾನ್ಯ ಮಾತ್ರೆಯವರೇ,

ಬೆಳ್ಳಿ ಹಾಳೆಯೊಳಗೆ ಒಂಬತ್ತು ಮಂದಿ ಅಣ್ಣತಮ್ಮಂದಿರ ಜೊತೆ ಬೆಚ್ಚಗೆ ಕ್ಷೇಮವಾಗಿರುವ ತಮಗೆ ಕಂಪಲಾಪುರದ ಸುನಂದಮ್ಮ ಮಾಡುವ ಅನಂತ ನಮಸ್ಕಾರಗಳು.

ಎರಡು ವರ್ಷದ ಹಿಂದೆ ನಾನು ಹೊಗೆಸೊಪ್ಪನ್ನು ಕಾವು ಕೊಟ್ಟು ಹದಮಾಡುವ ಬ್ಯಾರನ್ನಿನ ಮೇಲಿನಿಂದ ಬಿದ್ದು ಸೊಂಟ ಮುರಿದುಕೊಂಡಾಗ ಹತ್ತು ದಿನದ ಮಟ್ಟಿಗೆಂದು ಬಂದ ತಾವು, ಮೂಳೆ ಕೂಡಿದ ಮೇಲೂ ಹೊರಡಲಿಲ್ಲ. ಹೊರಡಿ ಎಂದು ನಾನೂ ಹೇಳದೆ, ಹಳೇ ಚೀಟಿ ತೋರಿಸಿ ತಮ್ಮನ್ನು ಅಂಗಡಿಯಿಂದ ಕರೆತರುತ್ತಲೇ ಇದ್ದೆ. ಒಬ್ಬರಿಂದ ಆಗುತ್ತಿದ್ದ ಕೆಲಸಕ್ಕೆ ಬರಬರುತ್ತಾ ತಾವು ಮೂವರು ಬೇಕಾದಿರಿ. ತಮ್ಮ ದಕ್ಷತೆಯನ್ನು ಎಷ್ಟು ಹೊಗಳಿದರೂ ಸಾಲದು.

ಈಗ ನನ್ನನ್ನು ನೋಡುತ್ತಿರುವ ಡಾಕ್ಟರ್ ಸೌಂದರ್ಯ ಹೇಳುವಂತೆ, ನೋವು ತಗ್ಗಿಸಿ ಮನಸ್ಸಿಗೆ ಹಿತ ಕೊಡುವ ರಸಗಳನ್ನು ನಮ್ಮ ಮೆದುಳು ತಾನೇ ತಯಾರಿಸಿಕೊಳ್ಳುತ್ತದಂತೆ. ದಿನಾ ತಾವೇ ತುಂಬಿ ಬಡಿಸತೊಡಗಿದ ಮೇಲೆ ಅದು ಒಲೆ ಹಚ್ಚುವುದನ್ನೇ ಕಡಿಮೆ ಮಾಡಿತು. ಎಷ್ಟು ಬಡಿಸಿದರೂ ರುಚಿ ತಿಳಿಯದಷ್ಟು ಜಡ್ಡೂ ಆಯಿತು. ಹೀಗಾಗಿ ಸೊಗಡವರೆಯ ಸಾರೂ ನನಗೆ ಸಪ್ಪೆ. ಹೊಟ್ಟೆ ಕಟ್ಟಿಸಿ ನಾಲ್ಕು ದಿನಕ್ಕೊಮ್ಮೆ ಮಾತ್ರ ಸಡಿಲಿಸುವ ತಮ್ಮ ಇನ್ನೊಂದು ಉಪಕಾರವನ್ನು ಬಹಿರಂಗ ಪತ್ರದಲ್ಲಿ ವಿವರಿಸಲು ಸಂಕೋಚ. ಅದೂ ಹೋಗಲಿ, ಮಗಳು ಪವಿತ್ರ ತನ್ನ ಹಸುಗೂಸನ್ನು ಮೊದಲ ಸಲ ನನ್ನ ಮಡಿಲಿಗೆ ಹಾಕಿದಾಗ ನನಗೆ ಏನೂ ಅನ್ನಿಸಲಿಲ್ಲ. ಗಡಿಯಾರ ನೋಡುತ್ತಾ ತಮ್ಮ ಹೊತ್ತಿಗೆ ಕಾಯುತ್ತಿದ್ದೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಅಂದೇ ಸಿಟ್ಟಿನಲ್ಲಿ ತಮ್ಮ ಸಂಸಾರವನ್ನೆಲ್ಲ ತಿಪ್ಪೆಗೆ ಎಸೆದೆ. ಬ್ಯಾರನ್ನಿನ ಕಾವನ್ನು ಒಮ್ಮೆಲೇ ಏರುಪೇರು ಮಾಡಿದರೆ ಸೊಪ್ಪು ಕೆಡುತ್ತದೆಂದು ಊರಿಗೆಲ್ಲ ಬುದ್ಧಿ ಹೇಳುವ ನನಗೆ, ನನ್ನ ತಲೆಯ ವಿಷಯದಲ್ಲಿ ಮಾತ್ರ ಅದು ಹೊಳೆಯಲಿಲ್ಲ. ಎರಡನೇ ದಿನಕ್ಕೆ ನಡುಕ, ಆಕಳಿಕೆ, ಸೋರುವ ಮೂಗು. ಮಟಮಟ ಮಧ್ಯಾಹ್ನ ಗುದ್ದಲಿ ಹಿಡಿದು ತಿಪ್ಪೆ ಕೆದಕುತ್ತಿದ್ದೆ. ಕೇಳಿದವರಿಗೆ ಓಲೆ ಕಳೆದಿದೆ ಎಂದೆ. ಪಾಪ, ಬೀದಿಗೆ ಬೀದಿಯೇ ಬಂದು ಹುಡುಕಿತು. ಕೊನೆಗೆ ಪಕ್ಕದ ಮನೆಯ ಹುಚ್ಚಯ್ಯ ಬೆನ್ನು ನೆಟ್ಟಗೆ ಮಾಡಿ ನನ್ನ ಮುಖ ನೋಡಿ, "ಅಕ್ಕಾ, ಎಲ್ಡು ಓಲೆನೂ ನಿಮ್ ಕಿವೀಲೇ ಅವೆ ಕಣಕ್ಕಾ" ಎಂದ.

ಪವಿತ್ರ ನನ್ನನ್ನು ಡಾಕ್ಟರ ಬಳಿ ಕರೆದೊಯ್ದದ್ದು ಆಮೇಲೆ. ಈಗ ಅವರು ಹೇಳಿದ ಅಳತೆಯಲ್ಲಿ, ಬ್ಯಾರನ್ನಿನ ಕಾವು ಇಳಿಸಿದ ಹಾಗೆ, ತಮ್ಮನ್ನು ಸ್ವಲ್ಪ ಸ್ವಲ್ಪವೇ ಬೀಳ್ಕೊಡುತ್ತಿದ್ದೇನೆ. ಹೊರಡುವ ಮುನ್ನ ದಯಮಾಡಿ ನನ್ನ ಮೆದುಳಿಗೆ ಒಲೆ ಹಚ್ಚುವುದನ್ನು ಮತ್ತೆ ಕಲಿಸಿಕೊಡಿ. ಮಗು ಮೊದಲ ಸಲ ಮಡಿಲಿಗೆ ಬಂದ ಆ ಗಳಿಗೆಯನ್ನೂ ಹಾಗೇ ಇನ್ನೊಮ್ಮೆ ಕಳಿಸಿಕೊಡಬೇಕಾಗಿ ವಿನಂತಿ.

ದಿನೇ ದಿನೇ ವಿಶ್ವಾಸ ಕಡಿಮೆಯಾಗುತ್ತಿರುವ
ತಮ್ಮ ವಿಶ್ವಾಸಿ,
ಸುನಂದಮ್ಮ

ತಾ.ಕ.: ನಿನ್ನೆ ಮಗು ಅದೇ ಓಲೆಯನ್ನು ಹಿಡಿದು ಜಗ್ಗಿತು. ಕಣ್ಣಲ್ಲಿ ನೀರು ಬರುವಷ್ಟು ನೋವಾಯಿತು, ನಗುವೂ ಬಂತು. ಎರಡಕ್ಕೂ ತಮ್ಮನ್ನು ಕರೆದಿರಲಿಲ್ಲ.