ಐದು ಸರ್ವರಿಗೆ ಒಂದೇ ಮುಖ

ಬ್ಯಾಕಪ್ ಕೆಲಸಕ್ಕ ಸೇರಿದಾಗಿಂದ ನನ್ನ ಎದಿ ಒಂದು ದಿನಾನೂ ಸುಮ್ಕ ಕುಂತಿಲ್ಲ. ಒಂದು ಮುಗೀತಪ್ಪಾ ಅನ್ನೂದ್ರಾಗ ಇನ್ನೊಂದು ಆಗಿರ್ತದ.

ನಮ್ದೊಂದು ಶಿಕ್ಷಣ ಸಂಸ್ಥೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಐದೂ ಊರಾಗ ಶಾಲಿ, ಒಂದೊಂದು ಸರ್ವರ್, ಅದರಾಗ ಮಕ್ಕಳ ಅಂಕ. ನಾ ಸೇಡಂದಾಗ ಕುಂತು, ರಿಮೋಟ್ ಡೆಸ್ಕ್‌ಟಾಪ್‌ನ್ಯಾಗ ಆ ಊರಿನ ಪರದಿ ನನ್ನ ಪರದಿ ಮ್ಯಾಲ ತೆಗೆದು, ಅಲ್ಲಿಂದು ಎಲ್ಲಾ ದಿನಾ ನನ್ನ ಮೇಜಿನ ಮ್ಯಾಲಿನ ಡಿಸ್ಕಿಗೆ ನಕಲು ಮಾಡ್ಕೋಬೇಕು. ಕಾರ್ಯದರ್ಶಿ ಸಾಹೇಬ್ರು ಮೊದಲ ದಿನಾನೇ ಹೇಳ್ಯಾರ: "ಒಂದು ಹುಡುಗನ ಅಂಕ ಹೋತಂದ್ರ ನೀನೂ ಹೋದಿ ಅಂತ ತಿಳ್ಕೋ."

ಅವರದು ಇನ್ನೊಂದು ಹುಕುಂ. ಎಲ್ಲಾ ಕಂಪ್ಯೂಟರಿನ ಪರದಿ ಮ್ಯಾಲ ಅವರದೇ ಫೋಟೋ ಇರಬೇಕು. ರುಮಾಲು ಸುತ್ಕೊಂಡು, ಹಾರ ಹಾಕ್ಕೊಂಡು, ನೆಟ್ಟಗ ನನ್ನೇ ನೋಡೋ ಫೋಟೋ.

೧. ವಾಡಿ: ಅವರು ಒಳಗ, ನಾ ಹೊರಗ

ವಾಡಿ ಹೆಡ್‌ಕ್ಲಾರ್ಕ್ ಭಾಳ ಅಂಜುಬುರುಕ ಮನುಷ್ಯ. ನಾ ಇಲ್ಲಿಂದ ಒಳಗ ಹೊಕ್ಕರ ಅಲ್ಲಿ ಅವರ ಪರದಿ ಬಂದ್ ಆಗ್ತದ. ಅವರು ಪಾಸ್‌ವರ್ಡ್ ಹೊಡೆದು ಒಳಗ ಬಂದ್ರ ನಾ ಹೊರಗ ಬೀಳ್ತೀನಿ. ಹಿಂಗ ಅರ್ಧ ತಾಸು ಇಬ್ಬರೂ ಒಬ್ಬರನ್ನೊಬ್ಬರು ದಬ್ಬಿದ್ವಿ. ಕಡೀಕ ಅವರದೇ ಫೋನ್ ಬಂತು.

"ಸರ, ಯಾರೋ ಒಳಗ ಬರಾಕತ್ತಾರ್ರಿ!"

"ನಾನೇ ಅದೀನ್ರಿ."

"ನೀವಾ? ಬಾಗಿಲಾ ಹಾಕ್ಕೊಂಡೇ ಕುಂತೀನಲ್ರಿ, ಎಲ್ಲಿಂದ ಬಂದ್ರಿ?"

ಅವರು ಊಟಕ್ಕ ಹೋದಾಗಷ್ಟೇ ನಾ ಒಳಗ ಹೋಗೂದು ಅಂತ ಮಾತಾತು. ಆದ್ರ ಅವರು ಡಬ್ಬಿ ಜಲ್ದಿ ಖಾಲಿ ಮಾಡಿ ಬರ್ತಾರ ಅನ್ನೂದು ನನಗ ಗೊತ್ತಿರಲಿಲ್ಲ.

೨. ಚಿಂಚೋಳಿ: ಒಂದು ಗುಂಡಿ ಸಲುವಾಗಿ

ಒಂದು ಸಂಜಿ ಮನಿಗೆ ಹೊಂಟೆ. ಎದುರಿಗೆ ಸಾಹೇಬ್ರ ಮುಖ. ನನ್ನದೇ ಕಂಪ್ಯೂಟರ್ ಅಂತ ಶಟ್‌ಡೌನ್ ಒತ್ತಿದೆ. ನನ್ನದು ಹಂಗೇ ಉರೀಲಿಕತ್ತದ, ಆರಿದ್ದು ಚಿಂಚೋಳಿ ಸರ್ವರ್! ಅದರ ಪರದಿ ಮುಚ್ಚೂದೇ ಮರೆತಿದ್ದೆ. ಫೋನ್‌ನ್ಯಾಗ ಹೇಳಿದ್ರ ಸುದ್ದಿ ಸಾಹೇಬ್ರಿಗೆ ಮುಟ್ಟತದ. ಅದಕ್ಕ ಮರುದಿನ ಮೊದಲ ಬಸ್ಸಿಗೆ ಹೋಗಿ, "ತಪಾಸಣಾಕ ಬಂದೀನಿ" ಅಂತ ಸುಳ್ಳು ಹೇಳಿ ಒಳಗ ಹೊಕ್ಕೆ. ಸರ್ವರ್ ಚಾಲೂ ಇತ್ತು!

"ಇದನ್ನ ಯಾರು ಹಚ್ಚಿದ್ರು?" ಅಂದೆ.

ಪ್ಯೂನ್ ಅಂದ: "ನಾನೇ ರೀ. ದಿನಾ ಸಂಜೀಕ ಆರಿಸ್ತೀನಿ, ಮುಂಜಾನಿ ಹಚ್ಚತೀನಿ. ನಿನ್ನಿ ನಾ ಮುಟ್ಟೂದ್ರಾಗ ತಾನೇ ಆರಿತ್ತು. ಭಾಳ ಶ್ಯಾಣೇ ಆಗ್ಯಾದ್ರಿ ಅದು."

೩. ಶಹಾಬಾದ

ಇಲ್ಲಿ ಇನ್ನೂ ಏನೂ ಆಗಿಲ್ಲ. ಅದಕ್ಕ ಇಲ್ಲೀದೇ ಅಂಜಿಕಿ ಹೆಚ್ಚು.

೪. ಮತ್ತ ವಾಡಿ

ಒಂದು ಸೋಮವಾರ ವಾಡಿ ಸರ್ವರಿನ ಡಿಸ್ಕ್ ಸತ್ತೇ ಹೋತು. ಹತ್ತನೇತ್ತಾ ಮಕ್ಕಳ ಅಂಕ ಬೋರ್ಡಿಗೆ ಕಳಿಸೋ ವಾರ ಅದು. ಸಾಹೇಬ್ರು ಖುದ್ದು ಸೇಡಂಕ್ಕ ಬಂದು ನನ್ನ ಕುರ್ಚಿ ಹಿಂದ ನಿಂತ್ರು. ಪರದಿ ಮ್ಯಾಲ ಅವರು, ಬೆನ್ನ ಹಿಂದ ಅವರು, ನಡಬರಕ ನಾ.

"ಫಿಕರ್ ಬ್ಯಾಡ್ರಿ, ನಕಲು ಆತು ಅಂತ ದಿನಾ ಹಸರು ಟಿಕ್ ಬಂದದ" ಅಂತ ವಾಡಿ ಬ್ಯಾಕಪ್ ತೆಗೆದೆ. ಒಳಗ ಒಂದು ಫೋಟೋ. ಕಾಗಿಣಾ ನದ್ಯಾಗ ಟವೆಲ್ ಸುತ್ಕೊಂಡು, ಹಲ್ಲು ಕಿಸಿದು ನಿಂತವ ನಾನೇ!

ಸಾಹೇಬ್ರು ಕನ್ನಡಕ ಏರಿಸಿ ಕೇಳಿದ್ರು: "ಈ ಹುಡುಗ ಯಾವ ಕ್ಲಾಸಿನವ?"

ಆಗ ತಿಳೀತು. ಹೆಡ್‌ಕ್ಲಾರ್ಕ್ ಊಟ ಮುಗಿಸಿ ಬಂದು ನನ್ನ ಹೊರಗ ದಬ್ಬತಿದ್ರು. ಪರದಿ ಮ್ಯಾಲ ಏನೋ ಸೂಚನಾ ಬರ್ತಿತ್ತು, ನಾ ಓದದೇ ಓಕೆ ಒತ್ತತಿದ್ದೆ. ವಾಡಿ ಹೋಗಿ ನನ್ನದೇ ಕಂಪ್ಯೂಟರ್ ಉಳೀತಿತ್ತು, ಆದ್ರ ಮುಖ ಅದೇ! ಅದನ್ನೇ ವಾಡಿ ಅಂತ ನಕಲು ಮಾಡ್ತಿದ್ದೆ. ಮೂರು ತಿಂಗಳಿಂದ ನನ್ನ ಫೋಟೋಗಳನ್ನ ಕಾಪಾಡ್ಕೊಂಡು ಬಂದೀನಿ. ನೌಕರಿ ಹೋತು ಅನ್ಕೊಂಡೆ. ಖರೇ ಹೇಳ್ತೀನಿ, ಅಳು ಬಂತು.

ಅಷ್ಟ್ರಾಗ ವಾಡಿಯಿಂದ ರೈಲಿಗೆ ಹತ್ತಿದ್ದ ಹೆಡ್‌ಕ್ಲಾರ್ಕ್ ಒಳಗ ಬಂದ್ರು. ಎಲಿ ಚಂಚಿ ಬಿಚ್ಚಿ, ಅಡಕಿ ಸರಿಸಿ, ಸುಣ್ಣ ಹತ್ತಿದ ಒಂದು ಪೆನ್‌ಡ್ರೈವ್ ತೆಗೆದ್ರು. "ಎಲ್ಲಾ ಅಂಕ ಇದರಾಗ ಅದಾವ್ರಿ. ಶನಿವಾರಕ್ಕೊಮ್ಮೆ ನಕಲು ಮಾಡ್ಕೋತಿದ್ದೆ."

"ಯಾಕ? ಇವ ಇದ್ನಲ್ಲ?" ಅಂದ್ರು ಸಾಹೇಬ್ರು.

"ಇವರ ಅಂಜಿಕೀಗೇ ರೀ. ಬಾಗಿಲಾ ಹಾಕಿದ್ರೂ ಒಳಗ ಬರೋ ಮನುಷ್ಯಾ ಇವರು."

ಅಂಕ ಎಲ್ಲಾ ಬರೋಬ್ಬರಿ ಸಿಕ್ವು. ನಾ ಹೆಡ್‌ಕ್ಲಾರ್ಕ್ ಕಾಲು ಹಿಡೀಲಿಕ್ಕೆ ಹೋದೆ, ಅವರು ಅಂಜಿ ಕುರ್ಚಿ ಮ್ಯಾಲ ಕಾಲು ಎತ್ಕೊಂಡ್ರು.

ಸಾಹೇಬ್ರು ಪರದಿ ಮ್ಯಾಲಿನ ತಮ್ಮ ಮುಖಾನೇ ಭಾಳ ಹೊತ್ತು ನೋಡಿದ್ರು. "ನೌಕರಿ ಇರ್ಲಿ. ಆದ್ರ ನೀ ಯಾವ ಊರಾಗ ಇದ್ದಿ ಅಂತ ನಿನಗ ಗೊತ್ತಾಗಬೇಕು. ನಾಕು ಊರಾಗ ನನ್ನ ಫೋಟೋ ಇರ್ಲಿ. ಇಲ್ಲಿ ತೆಗೆದು ಹಾಕು."

"ಇಲ್ಲಿ ಯಾರದು ಹಾಕ್ಲಿರಿ?"

"ಈಗ ನೋಡಿದ್ವಲ್ಲ, ಅದೇ."

ಅವತ್ತಿನಿಂದ ಸೇಡಂ ಆಫೀಸಿಗೆ ಯಾರೇ ಬರ್ಲಿ, ಹೆಡ್‌ಮಾಸ್ತರ್ ಬರ್ಲಿ, ಟೀಚರಮ್ಮ ಬರ್ಲಿ, ದೊಡ್ಡ ಪರದಿ ಮ್ಯಾಲ ನಾ ಟವೆಲ್ ಸುತ್ಕೊಂಡು ನಿಂತೀನಿ.